ಬೇರೆಯವರ ಹೆಸರಿನ ಪಾತ್ರೆಗಳು

ನನ್ನ ಅಡುಗೆಮನೆಯ ಒಂದು ಪಾತ್ರೆಯ ಮೇಲೂ ನನ್ನ ಹೆಸರಿಲ್ಲ. ಸ್ಟೀಲ್ ಅಂಗಡಿಯಲ್ಲಿ ಹೆಸರು ಹಾಕಿಸುವುದು ಏನು ಮಹಾ ಕೆಲಸ ಎಂದು ಜನ ನಗುತ್ತಾರೆ. ಆ ಹೆಸರುಗಳ ದೆಸೆಯಿಂದಲೇ ನನ್ನ ಮಗಳು ಏಳು ತಿಂಗಳು ತಡವಾಗಿ ಮನೆಗೆ ಬಂದಳು ಎಂದು ಅವರಿಗೆ ಹೇಳಲು ನಾನು ಹೋಗುವುದಿಲ್ಲ.

ಆಗ ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ಇನ್ನೊಬ್ಬಳ ಜೊತೆ ಹೋಗಿ ವರ್ಷವಾಗಿತ್ತು. ನಾಗಸಂದ್ರದ ಹತ್ತಿರ ನಾವಿದ್ದ ಶೀಟಿನ ಮನೆಗಳನ್ನು ಜಾಗದವರು ಕೆಡವಿಸಿದಾಗ ನಾನೂ ಎಂಟು ವರ್ಷದ ಮಗಳೂ ಬೀದಿಗೆ ಬಿದ್ದೆವು. ಕೈಯಲ್ಲಿ ಕೆಲಸವಿತ್ತು, ಬಾಡಿಗೆ ಕೊಡುವ ಶಕ್ತಿಯೂ ಇತ್ತು. ಇಲ್ಲದಿದ್ದುದು ಗಂಡ ಮಾತ್ರ. ಖಾಲಿ ಕೋಣೆಯ ಬೋರ್ಡು ನೋಡಿ ಬಾಗಿಲು ತಟ್ಟಿದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ಯಜಮಾನ್ರು ಏನ್ ಕೆಲ್ಸ ಮಾಡ್ತಾರೆ?" ಇಲ್ಲ ಎಂದೊಡನೆ ಕೋಣೆಯೂ ಇಲ್ಲವಾಗುತ್ತಿತ್ತು.

ಅರ್ಧಕ್ಕೆ ನಿಂತಿದ್ದ ಕಟ್ಟಡವೊಂದರ ಮೆಟ್ಟಿಲ ಕೆಳಗೆ ನಾಲ್ಕು ತಿಂಗಳು ಕಳೆದೆವು. ಫ್ಯಾಕ್ಟರಿಯ ನಲ್ಲಿಯಲ್ಲಿ ಮುಖ ತೊಳೆದು, ದಿನವಿಡೀ ಹೊರದೇಶದವರ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲಿ ಒಬ್ಬಳೇ ಕೂತಿರುವುದನ್ನು ಯಾರೋ ನೋಡಿ ದೂರು ಕೊಟ್ಟರು. ಮಕ್ಕಳ ರಕ್ಷಣೆಯ ಇಲಾಖೆಯವರು ಬಂದು ಅವಳನ್ನು ಹೆಣ್ಣುಮಕ್ಕಳ ಆಶ್ರಮಕ್ಕೆ ಸೇರಿಸಿದರು. ಇಬ್ಬರಿಗೊಂದು ಸೂರು ಹುಡುಕಿಕೊಡಬೇಕೆಂದು ಆ ಪುಣ್ಯಾತ್ಮರಿಗೆ ಹೊಳೆಯಲಿಲ್ಲ.

"ಮೊದ್ಲು ಮನೆ ಮಾಡಮ್ಮಾ. ಮಗು ಸಾಕೋ ಹಾಗಿದೀಯಾ ಅಂತ ನಾವೇ ಬಂದು ನೋಡ್ತೀವಿ, ಆಮೇಲೆ ಕಳಿಸ್ತೀವಿ," ಎಂದರು ಆಶ್ರಮದ ಮೇಡಂ.

ನನ್ನ ಹಿಂದಿನ ಮೆಷಿನ್ನಿನಲ್ಲಿ ಕೂರುತ್ತಿದ್ದ ಹಿರಿಯ ಅಕ್ಕ ಒಬ್ಬರಿದ್ದರು. ನಾನು ಹೊಲಿಯುತ್ತಲೇ ಅಳುವುದನ್ನು ನೋಡಿ ಎಲ್ಲವನ್ನೂ ಬಾಯಿ ಬಿಡಿಸಿದರು. ಆ ಭಾನುವಾರವೇ ನಮ್ಮ ಮೆಷಿನ್ ಸಾಲಿನ ಏಳು ಹೆಂಗಸರನ್ನು ಕಟ್ಟಿಕೊಂಡು, ಸಾಲುಮನೆಗಳನ್ನು ಬಾಡಿಗೆಗೆ ಕೊಡುವ ಊರಿನ ಹಳಬರ ಮನೆಯೊಂದಕ್ಕೆ ಹೋದರು.

"ಇವ್ಳು ನಮ್ ಹುಡ್ಗಿ ಕಣಮ್ಮಾ. ಏನಾದ್ರೂ ಆದ್ರೆ ನಮ್ಮನ್ ಕೇಳಿ," ಎಂದರು ಅಕ್ಕ.

ಮನೆಯ ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಗಂಡಸ್ರು ಯಾರೂ ಬಂದೋಗಂಗಿಲ್ಲ. ಅಂಗಿದ್ರೆ ಕೊಡ್ತೀನಿ."

ಕೋಣೆ ಸಿಕ್ಕಿತು. ಮುಂದಿನ ಭಾನುವಾರ ಪಾತ್ರೆಗಳು ಬಂದವು. ಒಬ್ಬಳು ತನ್ನ ಮದುವೆಯ ಚೊಂಬು, ಒಬ್ಬಳು ಮಗನ ನಾಮಕರಣಕ್ಕೆ ಬಂದ ಡಬ್ಬಿಗಳು, ಇನ್ನೊಬ್ಬಳು ಯಾರದೋ ಗೃಹಪ್ರವೇಶದಲ್ಲಿ ಹಂಚಿದ ತಟ್ಟೆಗಳನ್ನು ತಂದಳು. ಅಕ್ಕ ತಂದದ್ದು ಎಲ್ಲಕ್ಕಿಂತ ದೊಡ್ಡದು, ದಪ್ಪ ತಳದ ಒಂದು ಅನ್ನದ ಪಾತ್ರೆ. ಎಲ್ಲದರ ಮೇಲೂ ಚುಕ್ಕಿ ಚುಕ್ಕಿಯಾಗಿ ಹೆಸರುಗಳು. ಕನ್ನಡದಲ್ಲಿದ್ದವು, ತೆಲುಗಿನಲ್ಲಿದ್ದವು, ಒಂದೆರಡು ತಮಿಳಿನಲ್ಲೂ ಇದ್ದವು. ಅಂದು ನಾನು ಸಂತೋಷದಿಂದಲೇ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಕೊಟ್ಟವರು ಆಗಾಗ ಬರುತ್ತಿದ್ದರು. ಬಂದವರ ಕಣ್ಣು ಮೊದಲು ಹೋಗುತ್ತಿದ್ದುದು ನನ್ನ ಮೇಲಲ್ಲ, ಅಡುಗೆಯ ಕಟ್ಟೆಯ ಮೇಲೆ. "ನನ್ ಚೊಂಬು ಎಲ್ಲಿ? ಸೊಟ್ಟ ಮಾಡ್ಬಿಟ್ಟಿಲ್ಲ ತಾನೇ?" ಹಾಗಾಗಿ ಪ್ರತಿಯೊಂದರ ಹೆಸರೂ ಬಾಗಿಲಿಗೇ ಕಾಣುವಂತೆ ತಿರುಗಿಸಿ ಜೋಡಿಸುವುದು ನನಗೆ ಅಭ್ಯಾಸವಾಯಿತು. ಆಶ್ರಮದ ಮೇಡಂ ಮನೆ ನೋಡಲು ಬಂದ ದಿನವೂ ಹಾಗೆಯೇ ಜೋಡಿಸಿದ್ದೆ. ಬೂದಿ ಹಾಕಿ ತಿಕ್ಕಿದ್ದರಿಂದ ಹೆಸರುಗಳು ಇನ್ನೂ ಚೆನ್ನಾಗಿ ಹೊಳೆಯುತ್ತಿದ್ದವು.

"ಪಾತ್ರೆಗಳೆಲ್ಲ ಯಾರದಮ್ಮಾ?"

"ನಮ್ಮವೇ ರೀ ಮೇಡಂ."

ಅವರು ಒಂದೊಂದನ್ನೂ ಕೈಗೆತ್ತಿಕೊಂಡು ಹೆಸರು ಓದಿದರು. "ಇಷ್ಟೂ ಹೆಸ್ರು ನಿಂದೇನಾ? ನಾನ್ ಬರ್ತೀನಿ ಅಂತ ಇಸ್ಕೊಂಡು ಬಂದು ಇಟ್ಟಿದೀಯಾ?"

ಎಲ್ಲ ವಿವರಿಸಿದೆ. ಮೊದಲ ಉತ್ತರ ಸುಳ್ಳಾದ ಮೇಲೆ ಎರಡನೆಯದನ್ನು ಯಾರು ನಂಬುತ್ತಾರೆ? ಕೊಟ್ಟ ಎಂಟು ಮಂದಿಯ ಹೆಸರನ್ನೂ ಪಟ್ಟಿ ಮಾಡಿಕೊಂಡು, ಅವರೆಲ್ಲರೂ ಪೂರ್ತಿಯಾಗಿ ಕೊಟ್ಟಿದ್ದೇವೆ ಎಂದು ಬರೆದು ಸಹಿ ಹಾಕಿಕೊಡಲಿ ಎಂದು ಹೇಳಿ ಹೊರಟರು.

ಮರುದಿನ ಊಟದ ಬಿಡುವಿನಲ್ಲಿ ಕಾಗದ ಹಿಡಿದು ಸಾಲಿನುದ್ದಕ್ಕೂ ನಡೆದೆ. ಏಳು ಮಂದಿ ಕೈ ತೊಳೆದು ಬಂದು ಸಹಿ ಹಾಕಿದರು. ಅಕ್ಕ ಮಾತ್ರ ಡಬ್ಬಿಯ ಮುಚ್ಚಳ ಹಾಕುತ್ತಾ ಕೂತರು.

"ಕೊಟ್ಟೆ ಅಂತ ನಾನ್ ಯಾವಾಗ ಅಂದೆ? ಇಟ್ಕೊಂಡಿರು ಅಂದೆ ಅಷ್ಟೆ. ನನ್ ಮಗ್ಳ ಮದ್ವೆಗೆ ಬೇಕು ಕಣೇ ಅದು."

"ಸಹಿ ಹಾಕಿಬಿಡ್ರಿ ಅಕ್ಕಾ, ಆಮೇಲೆ ನಾನೇ ತಂದು ಕೊಡ್ತೀನ್ರಿ."

"ಸಹಿ ಹಾಕಿದ್ಮೇಲೆ ನಂದು ಅನ್ನೋಕೆ ನಂಗೇನಿರುತ್ತೆ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿತು. ನನ್ನನ್ನು ಬೀದಿಯಿಂದ ಎತ್ತಿದವರೇ ಅವರು, ಬಯ್ಯುವ ಹಾಗೂ ಇರಲಿಲ್ಲ. ಆ ಸಂಜೆಯೇ ಪಾತ್ರೆಯನ್ನು ಅವರ ಮನೆಗೆ ಮುಟ್ಟಿಸಿದೆ. ಆಶ್ರಮಕ್ಕೆ ಅಷ್ಟೇ ಸಾಕಾಯಿತು. ಮೇಡಂ ಕೈಯಲ್ಲಿದ್ದ ಪಟ್ಟಿಯಲ್ಲಿ ಎಂಟು ಹೆಸರು, ನನ್ನ ಕಾಗದದಲ್ಲಿ ಏಳು ಸಹಿ. ಇನ್ನಷ್ಟು ದಿನ ನೋಡೋಣ ಎಂದರು. ಆ ಇನ್ನಷ್ಟು ದಿನ ಏಳು ತಿಂಗಳಾಯಿತು.

ಮಗಳು ಬಂದಾಗ ಅವಳ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ತಟ್ಟೆ ಇದ್ದವು. ನಾನು ಇದ್ದುದರಲ್ಲಿ ಚೆಂದದ್ದು ಎಂದು ಗೃಹಪ್ರವೇಶದ ತಟ್ಟೆಯನ್ನು ಅವಳ ಮುಂದೆ ಇಟ್ಟೆ. ಅವಳು ಅಂಚನ್ನು ತಿರುಗಿಸಿ ಅಕ್ಷರ ಕೂಡಿಸಿ ಓದಿದಳು.

"ಯಾರದಮ್ಮಾ ಇದು?"

"ನಮ್ಮದೇ," ಎಂದೆ. ಮತ್ತೆ ಅದೇ ಸುಳ್ಳು.

ಅವಳು ಅದನ್ನು ಮೆಲ್ಲಗೆ ನನ್ನ ಕಡೆ ಸರಿಸಿ, ಚೀಲದಿಂದ ಆಶ್ರಮದ ತಟ್ಟೆ ತೆಗೆದಳು. ಅದರ ಅಂಚಿನಲ್ಲಿ ಹೆಸರಿರಲಿಲ್ಲ, ಒಂದು ನಂಬರು ಹೊಡೆದಿತ್ತು.

"ನಂದು ನಲವತ್ತೊಂದು," ಎಂದಳು.

ನಾನು ಆ ತಟ್ಟೆಗೇ ಅನ್ನ ಬಡಿಸಿದೆ.