ಅಮಾವಾಸ್ಯೆಯ ಶನಿವಾರ, ದಹಿಸರಿನಲ್ಲಿ

ಉಪ್ಪಿನಕಾಯಿಯ ಮಾವಿನ ಹೋಳು ಒಣಹಾಕಲು ಟೆರೇಸಿಗೆ ಹೋಗಿದ್ದೆ. ಮಳೆಗಾಲ ಹತ್ತಿರ ಬಂತೆಂದು ವಾಚ್‌ಮನ್ ಹಳೆಯ ತಾಡಪತ್ರಿಯೊಂದನ್ನು ಬಿಸಿಲಿಗೆ ಹರವಿದ್ದ. ಮೇಣ, ಧೂಳು, ಎಲ್ಲೋ ಒಂದಿಷ್ಟು ಸೀಮೆಎಣ್ಣೆ ಬೆರೆತ ವಾಸನೆ ಮೂಗಿಗೆ ಬಡಿಯಿತು. ಮೊರ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಎಷ್ಟೋ ವರ್ಷಗಳಿಂದ ನೆನೆಯದಿದ್ದ ಅಕ್ಕೋರು ನೆನಪಾದರು.

ಐವತ್ತರ ದಶಕದಲ್ಲಿ ಮುಂಬಯಿಯ ವಡಾಲದ ಚಾಳಿನಲ್ಲಿ ಅವರದು ನಮ್ಮ ಪಕ್ಕದ ಖೋಲಿ. ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುವುದು ವಾಡಿಕೆ, ಹಾಗಾಗಿ ಇಡೀ ಚಾಳಿಗೆ ಅವರು ಅಕ್ಕೋರೇ. ಧಾರವಾಡದವರು. ನಲವತ್ತು ದಾಟಿತ್ತು. ಬಿಳಿ ಸೀರೆ, ಬರಿದಾದ ಹಣೆ, ಒಬ್ಬರೇ ಇರುತ್ತಿದ್ದರು. ನಾನು ವಿಜಾಪುರದಿಂದ ಬಂದು ಅಣ್ಣ-ವೈನಿಯ ಜೊತೆಗಿದ್ದೆ, ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಸಂಜೆ ಗ್ಯಾಲರಿಯಲ್ಲಿ ನಿಂತಾಗ ಅಕ್ಕೋರು ಆಕಾಶ ನೋಡುವುದನ್ನು ಕಾಣುತ್ತಿದ್ದೆ. ಬಂದರಿನ ದೀಪ, ಗಿರಣಿಗಳ ಹೊಗೆ... ಅವುಗಳ ನಡುವೆ ಏನು ಕಾಣುತ್ತದೋ ನನಗೆ ತಿಳಿಯುತ್ತಿರಲಿಲ್ಲ.

ಒಂದು ಬೇಸಿಗೆ ಅವರೇ ಮನೆಮನೆಗೂ ಹೋಗಿ ಕರೆದರು. ದಹಿಸರಿನಲ್ಲಿ ತಮ್ಮ ಶಾಲೆಯ ಮರಾಠಿ ಕಲಿಸುವ ಬಾಯಿಯವರೊಬ್ಬರ ಗದ್ದೆ ಇದೆ, ಅಲ್ಲಿ ದೀಪವೇ ಇಲ್ಲ, ಶನಿವಾರ ಹೋಗಿ ಬಯಲಲ್ಲೇ ಮಲಗೋಣ, ನಕ್ಷತ್ರ ನೋಡೋಣ, ಭಾನುವಾರ ವಾಪಸ್ ಬರೋಣ ಎಂದರು. ಎಲ್ಲರೂ ಹೂಂ ಅಂದರು. ಇಷ್ಟು ಜನ ಹೋಗುತ್ತಾರಲ್ಲ ಎಂದು ಅಣ್ಣ ನನಗೂ ಒಪ್ಪಿಗೆ ಕೊಟ್ಟ. ಅಕ್ಕೋರು ಎರಡು ದಿನ ರೊಟ್ಟಿ ಬಡಿದರು. ಶಾಲೆಯಿಂದ ದೊಡ್ಡದೊಂದು ತಾಡಪತ್ರಿ ಕೇಳಿ ತಂದರು.

ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ದಾದರ್ ಸ್ಟೇಷನ್ನಿಗೆ ಹೋದೆ. ಅಕ್ಕೋರು ರೊಟ್ಟಿಯ ಗಂಟುಗಳ ಪಕ್ಕ ನಿಂತಿದ್ದರು. ಒಂದು ಲೋಕಲ್ ಹೋಯಿತು, ಇನ್ನೊಂದು ಹೋಯಿತು, ಯಾರೂ ಬರಲಿಲ್ಲ. ಅಂದು ಅಮಾವಾಸ್ಯೆ. ಆಕಾಶ ಕತ್ತಲಾಗಿರಲಿ ಎಂದು ಅಕ್ಕೋರು ಆರಿಸಿದ್ದೇ ಅದನ್ನು. ಶನಿವಾರದ ಅಮಾವಾಸ್ಯೆಗೆ ಮಕ್ಕಳುಮರಿ ಕಟ್ಟಿಕೊಂಡು ಯಾರು ಬಯಲಿಗೆ ಹೋಗಿ ಮಲಗುತ್ತಾರೆ? ಇದು ಚಾಳಿಗೆಲ್ಲ ಹೊಳೆದಿತ್ತು, ಅವರೊಬ್ಬರಿಗೆ ಹೊಳೆದಿರಲಿಲ್ಲ. ಅವರ ಮುಖದ ಮೇಲೆ ಹೇಳುವ ಧೈರ್ಯ ಯಾರಿಗೂ ಆಗಿರಲಿಲ್ಲ.

"ನೀ ಮನಿಗೆ ಹೋಗವಾ" ಎಂದರು ಅಕ್ಕೋರು. "ನಾ ಹೋಗಿಬರತೀನಿ."

"ನಾನೂ ಬರತೀನ್ರಿ" ಎಂದೆ. ಯಾಕೆ ಹಾಗಂದೆನೋ... ಅವರೊಬ್ಬರೇ ಅಷ್ಟೊಂದು ರೊಟ್ಟಿ ಹೊತ್ತು ಗಾಡಿ ಹತ್ತುವುದನ್ನು ನೋಡಲು ಆಗಲಿಲ್ಲ.

ಆಗಿನ ದಹಿಸರ್ ಎಂದರೆ ಹಳ್ಳಿಯೇ. ಭತ್ತ ಕೊಯ್ದು ಒಣಗಿದ ಗದ್ದೆ, ದೂರದಲ್ಲಿ ಗುಡ್ಡ. ಗದ್ದೆ ಕಾಯುವ ಅಜ್ಜಿ ಒಂದು ಕೊಡ ನೀರು ಇಟ್ಟು, ನಮ್ಮನ್ನು ವಿಚಿತ್ರವಾಗಿ ನೋಡಿ, ಗುಡಿಸಲಿಗೆ ಹೋದಳು. ಇಡೀ ಚಾಳಿಗಾಗಿ ತಂದಿದ್ದ ತಾಡಪತ್ರಿ ಹಾಸಿದೆವು. ಅದರ ಒಂದು ಮೂಲೆಯಲ್ಲಿ ನಾವಿಬ್ಬರೇ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ಉಳಿದ ಜಾಗವೆಲ್ಲ ಖಾಲಿ.

ಕತ್ತಲಾಯಿತು. ಮುಂಬಯಿಗೆ ಬಂದಮೇಲೆ ಆಕಾಶದಲ್ಲಿ ಅಷ್ಟು ನಕ್ಷತ್ರಗಳನ್ನು ನಾನು ಕಂಡಿರಲಿಲ್ಲ. ಮೊದಮೊದಲು ಹೆದರಿಕೆಯೇ ಆಯಿತು. ಅಕ್ಕೋರು ಪಕ್ಕದಲ್ಲಿ ಮಲಗಿ ಬೆರಳೆತ್ತಿ ಸಪ್ತರ್ಷಿ ಮಂಡಲ ತೋರಿಸಿದರು. ಬಾಲದಲ್ಲಿ ನಡುವಿನದು ವಸಿಷ್ಠ, ಅದಕ್ಕೆ ಅಂಟಿಕೊಂಡಂತೆ ಸಣ್ಣದೊಂದಿದೆ, ಅದೇ ಅರುಂಧತಿ, ಕಂಡಿತೇ ಎಂದು ಕೇಳಿದರು. ನಾನು ಹೂಂ ಅಂದೆ.

"ಖರೇನ ಕಂಡತೋ, ಇಲ್ಲಾ ನನ್ನ ಸಲುವಾಗಿ ಅಂತೀಯೋ?"

ಅವರು ಸಿಟ್ಟಾಗಲಿಲ್ಲ. ನಿಧಾನ ನೋಡು, ಅವಸರವೇನಿಲ್ಲ ಅಂದರು. ನೋಡುತ್ತ ನೋಡುತ್ತ ಕೊನೆಗೆ ನಿಜವಾಗಿಯೂ ಕಂಡಿತು, ಸೂಜಿಮೊನೆಯಷ್ಟು ಬೆಳಕು. ಕಂಡಿತು ಅಂದಾಗ ನನ್ನ ದನಿಯಲ್ಲೇ ಅವರಿಗೆ ಗೊತ್ತಾಗಿರಬೇಕು, ಮತ್ತೆ ಕೇಳಲಿಲ್ಲ.

ಆಮೇಲೆ ತಾವಾಗಿಯೇ ಮಾತಾಡಿದರು. ಮದುವೆಯಾದಾಗ ಅವರಿನ್ನೂ ಗೊಂಬೆ ಆಡುವ ಹುಡುಗಿಯಂತೆ.

"ಹಾಡೇ ಹಗಲ ನನ್ನ ಗದ್ದ ಹಿಡದು ಮ್ಯಾಲೆತ್ತಿ, ಅರುಂಧತಿ ಕಂಡಳೇನು ಅಂದ್ರು. ಬಿಸಲಿಗೆ ಕಣ್ಣು ಕುಕ್ಕತಿದ್ದವು. ಕಂಡಳು ಅಂದೆ. ಬಾಜೂಕ ನಿಂತ ಆ ಹುಡುಗನೂ ಕಂಡಳು ಅಂದ. ಮುಂದಿನ ವರ್ಷ ಅವ ಪ್ಲೇಗಿನ್ಯಾಗ ಹೋದ. ಅವನ ಮಾರಿ ನನಗ ನೆನಪಿಲ್ಲವಾ. ದನಿ ಅಷ್ಟ ನೆನಪೈತಿ."

ತವರಿನವರು ಓದಿಸಿದ್ದು, ಒಬ್ಬರೇ ಮುಂಬಯಿಗೆ ಬಂದದ್ದು, ಎಲ್ಲ ಹೇಳಿದರು. ಯಾರಾದರೂ ಪಕ್ಕದಲ್ಲಿದ್ದು ಒಮ್ಮೆ ನಿಜವಾಗಿ ಕಂಡಿತು ಅನ್ನುವುದನ್ನು ಕೇಳಬೇಕು ಅನ್ನಿಸಿತ್ತು, ಅದಕ್ಕೇ ಎಲ್ಲರನ್ನೂ ಕರೆದೆ ಎಂದರು. ಆಮೇಲೆ ಅವರಿಗೆ ನಿದ್ದೆ ಬಂತು. ನನಗೆ ಬರಲಿಲ್ಲ.

ಭಾನುವಾರ ಚಾಳಿಗೆ ಮರಳಿದಾಗ ವೈನಿ ಮಾತಾಡಲಿಲ್ಲ. ಅಣ್ಣ ಅಕ್ಕೋರ ಬಾಗಿಲಿಗೇ ಹೋದ. ಲಗ್ನಕ್ಕೆ ಬಂದ ಹುಡುಗಿಯನ್ನು ಅಮಾವಾಸ್ಯೆ ರಾತ್ರಿ ಬಯಲಲ್ಲಿ ಮಲಗಿಸಿದಿರಲ್ಲ, ಜನ ಏನಂದಾರು ಎಂದು ಕೇಳಿದ. ನಾನೇ ಹಟ ಮಾಡಿ ಹೋದೆ ಅಂತ ನಾನು ಹೇಳುತ್ತಲೇ ಇದ್ದೆ. ಅಕ್ಕೋರು ಮಾತ್ರ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು.

"ತಪ್ಪಾತ್ರಿ. ಇನ್ನ ಕರಿಯಂಗಿಲ್ಲ" ಅಂದರು.

ಮತ್ತೆ ಅವರು ಯಾರನ್ನೂ ಕರೆಯಲಿಲ್ಲ. ಆದರೆ ಹೋಗುವುದನ್ನು ಬಿಡಲಿಲ್ಲ. ಕೆಲವು ಶನಿವಾರ ಸಂಜೆ ಹೆಗಲಿಗೊಂದು ಚೀಲ ಹಾಕಿಕೊಂಡು ಗ್ಯಾಲರಿಯಲ್ಲಿ ನಮ್ಮ ಬಾಗಿಲು ದಾಟಿ ಹೋಗುತ್ತಿದ್ದರು. ನಾನು ಹೊಸ್ತಿಲಲ್ಲೇ ನಿಂತಿದ್ದರೂ ನನ್ನ ಕಡೆ ನೋಡುತ್ತಿರಲಿಲ್ಲ. ನೋಡಿದರೆ ನಾನು ಎಲ್ಲಿ ಜೊತೆಗೆ ಹೊರಟುಬಿಡುತ್ತೇನೋ ಎಂದಿರಬೇಕು.

ಮರುವರ್ಷ ನನ್ನ ಮದುವೆಯಾಯಿತು, ಕಾಂದಿವಲಿಗೆ ಬಂದೆ. ಚೊಚ್ಚಲ ಬಾಣಂತನಕ್ಕೆ ಅಣ್ಣನ ಮನೆಗೆ ಹೋದಾಗ ಪಕ್ಕದ ಖೋಲಿಯಲ್ಲಿ ಬೇರೆ ಸಂಸಾರವಿತ್ತು. ಕೆಲಸ ಬಿಟ್ಟು ಊರಿಗೆ ಹೋದರು ಎಂದರು. ಯಾವ ಊರು, ಯಾರ ಮನೆ, ಒಬ್ಬರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಈಗ ಅವರು ಇರಲಿಕ್ಕಿಲ್ಲ, ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಅಣ್ಣ, ವೈನಿ ಹೋದರು. ಆ ಚಾಳನ್ನೂ ಕೆಡವಿದರು. ಮೊನ್ನೆ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, ಅವರ ಹೆಸರೇನಿತ್ತು ಎಂದು ಕೇಳಿದಳು.

ನೆನಪು ಮಾಡಿಕೊಳ್ಳಲು ನೋಡಿದೆ. ಆಮೇಲೆ ಅರ್ಥವಾಯಿತು, ಮರೆತದ್ದಲ್ಲ. ಅವರನ್ನು ಯಾರಾದರೂ ಹೆಸರು ಹಿಡಿದು ಕರೆದದ್ದನ್ನೇ ನಾನು ಕೇಳಿರಲಿಲ್ಲ.