ಹರಿಹರದಲ್ಲಿ ತಟ್ಟಿದ ಬಾಗಿಲು

ದೆವ್ವ ಕಂಡೆ, ಸತ್ತವರು ಕರೆದರು ಎನ್ನುವವರನ್ನು ನಾನು ಎಂದೂ ನಂಬಿದವಳಲ್ಲ. ಇಪ್ಪತ್ತು ವರ್ಷ ನರ್ಸ್ ಆಗಿ ದುಡಿದಿದ್ದೇನೆ. ಹೆಣ ಸಾಗಿಸಿ ಬಂದು, ಕೈ ತೊಳೆದು ಊಟಕ್ಕೆ ಕೂತವಳು. ಆದರೂ ಮೂರು ವರ್ಷದ ಹಿಂದೆ ಹರಿಹರದಲ್ಲಿ ಹಾಡುಹಗಲೇ ನಡೆದದ್ದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ.

ಗಂಡ ತೀರಿಕೊಂಡ ಮೇಲೆ ನಾನು ದಾವಣಗೆರೆಗೆ, ಮಂಡಿಪೇಟೆಯ ಹಿಂದಿದ್ದ ಅಣ್ಣನ ಮನೆಗೆ ಬಂದೆ. ಅಣ್ಣ, ಅತ್ತಿಗೆ ಇಬ್ಬರೂ ಅಂಗಡಿಯಲ್ಲಿ ಕೂರುತ್ತಿದ್ದರು. ಅವರ ಮಗಳು ಸವಿತಾಳಿಗೆ ಉಣ್ಣಿಸಿ, ಜಡೆ ಹಾಕಿ, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ತಿರುಗಿದವಳು ನಾನು. ನನ್ನ ಬಾಯಲ್ಲಿ ಅವಳು ಸವಿ. ಅವಳಿಗೆ ಎಂಟು ತುಂಬಿದಾಗ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು, ಹೋದೆ.

ಅಲ್ಲಿ ಎದುರುಮನೆಯ ಮರಿಯಮ್‌ಗೆ ಅರಬ್ಬಿಯ ಜೊತೆ ಉರ್ದುವೂ ಬರುತ್ತಿತ್ತು. ನನ್ನದು ಮಂಡಿಪೇಟೆಯ ಉರ್ದು, ಅಷ್ಟು ಸಾಕಾಯಿತು. ಅವಳ ಗಂಡ ಹಾಸಿಗೆ ಹಿಡಿದಿದ್ದರಿಂದ ಬೆಲ್ ಒತ್ತುವಂತಿರಲಿಲ್ಲ. ಬೆರಳಿನಿಂದ ಎರಡು ಸಲ, ತುಸು ತಡೆದು ಇನ್ನೊಂದು ಸಲ ತಟ್ಟುತ್ತಿದ್ದೆ. ಯಾರೆಂದು ಕೇಳದೆ ತೆರೆಯುತ್ತಿದ್ದಳು. ಮಗಳ ಮದುವೆಯಲ್ಲಿ ಮದುಮಗಳ ಕೈಗೆ ಮೊದಲ ಮೆಹೆಂದಿ ನನ್ನಿಂದಲೇ ಹಚ್ಚಿಸಿದಳು. ನಾನು ಗಂಡ ಸತ್ತವಳು ಎಂದೆ. ಅದಕ್ಕೇನು ಎಂದಳು.

ಸವಿ ಬಸುರಿಯಾದಾಗ ಅವಳ ಕುಬುಸಕ್ಕೆಂದು, ಅದೇ ಸೀಮಂತಕ್ಕೆಂದು, ರಜೆ ಹಾಕಿ ಬಂದೆ. ಕುಬುಸ ಹರಿಹರದಲ್ಲಿ, ಅವಳ ಗಂಡನ ಮನೆಯಲ್ಲಿ. ಮರಿಯಮ್ ಆರಿಸಿಕೊಟ್ಟ ಹಸಿರು ಸೀರೆ ತಂದಿದ್ದೆ. ಆ ಹುಡುಗಿಯ ಉಡಿಗೆ ಒಂದು ಹಿಡಿ ಅಕ್ಕಿ ನಾನೂ ಹಾಕಬೇಕು, ಅಷ್ಟೇ ನನ್ನ ಆಸೆ. ಅತ್ತಿಗೆ ಹೊಸ್ತಿಲಲ್ಲೇ ಸೀರೆ ಇಸಿದುಕೊಂಡು ಮೆಲ್ಲಗೆ ಹೇಳಿದಳು:

“ಬೀಗರ ಮನೆ ಐತೆ. ಮುತ್ತೈದೇರು ಉಡಿ ತುಂಬೋ ತನ ಹಿತ್ಲಾಗೆ ಕುಂತಿರು. ಬ್ಯಾಸ್ರ ಮಾಡ್ಕಬ್ಯಾಡ.”

ಸೀರೆಗೆ ಒಳಗೆ ಜಾಗವಿತ್ತು, ತಂದವಳಿಗೆ ಇರಲಿಲ್ಲ. ಅಣ್ಣ ಅಲ್ಲೇ ನಿಂತು ಮೊಬೈಲ್ ನೋಡುತ್ತಿದ್ದ.

ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟು ಒಳಗಿನಿಂದ ಚಿಲಕ ಹಾಕಿಕೊಂಡರು. ಹೆಂಗಸರ ಹಾಡು ಮುಗಿದಾಗ ನನಗೆ ತಡೆಯಲಾಗಲಿಲ್ಲ. ಎದ್ದು ಬಾಗಿಲು ತಟ್ಟಿದೆ. ಕೈಗೆ ರೂಢಿಯಾದಂತೆ ಎರಡು, ಆಮೇಲೆ ಒಂದು. “ಸವಿ, ಬಾಗ್ಲು ತೆಗಿ” ಎಂದು ಕೂಗಿದೆ. ಕೊನೆಗೆ ಮುಷ್ಟಿಯಿಂದಲೇ ಬಡಿದೆ. ಒಳಗಿನ ಬಳೆ ಸದ್ದು, ನಗು ನನಗೆ ಕೇಳುತ್ತಿತ್ತು, ಯಾರೂ ಬರಲಿಲ್ಲ. ವಾಚ್ ನೋಡಿಕೊಂಡೆ, ಒಂದೂಕಾಲು. ಊಟವನ್ನೂ ಮಾಡದೆ ಹಿಂದಿನ ಗೇಟಿನಿಂದ ಹೊರಬಿದ್ದು ದಾವಣಗೆರೆ ಬಸ್ಸು ಹತ್ತಿದೆ. ಮೈಯೆಲ್ಲ ಉರಿಯುತ್ತಿತ್ತು. ಇವರ ಮಗುವಿನ ಹೇಲು ಉಚ್ಚೆ ಬಾಚುವಾಗ ನಾನು ಯಾರಿಗೂ ಅಪಶಕುನವಾಗಿರಲಿಲ್ಲ.

ಬಸ್ಸು ಇಳಿಯುವ ಮೊದಲೇ ಮರಿಯಮ್ ಫೋನ್ ಮಾಡಿದಳು. ಯಾವಾಗ ಬಂದೆ, ಬಾಗಿಲು ತಟ್ಟಿ ಎಲ್ಲಿ ಹೋದೆ ಎಂದು ಜಬರಿಸಿದಳು. ಹನ್ನೊಂದು ಮುಕ್ಕಾಲಿಗೆ ನಾನು ತಟ್ಟುವ ಹಾಗೆಯೇ ತಟ್ಟಿದ್ದು, ನನ್ನದೇ ದನಿ. ಓಡಿಬಂದು ತೆರೆದರೆ ಯಾರೂ ಇಲ್ಲವಂತೆ. ಅಲ್ಲಿಯ ಹನ್ನೊಂದು ಮುಕ್ಕಾಲು ಎಂದರೆ ನಮ್ಮ ಒಂದೂಕಾಲು. ಆಮೇಲೆ ಅವಳು ಕೇಳಿದಳು, “ಸವಿ ಯಾರು?”

ಅಣ್ಣನ ಮಗಳೊಬ್ಬಳಿದ್ದಾಳೆ ಎಂದಷ್ಟೇ ಅವಳಿಗೆ ಹೇಳಿದ್ದೆ. ಆ ಹೆಸರನ್ನು ಅಲ್ಲಿ ನಾನು ಒಮ್ಮೆಯೂ ಆಡಿರಲಿಲ್ಲ. ಆಡಿದರೆ ಅಳು ಬರುತ್ತಿತ್ತು.

ಮೂರನೆಯ ದಿನ ಸವಿ ನನ್ನನ್ನು ನೋಡಲು ಬಂದಳು. ಯಾಕೆ ಬಾಗಿಲು ತೆಗೆಯಲಿಲ್ಲ ಎಂದು ಸಿಟ್ಟಿನಿಂದಲೇ ಕೇಳಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

“ನಾನು ಆ ಬಾಗ್ಲ ಪಕ್ಕದಾಗೇ ಕುಂತಿದ್ದೆ, ಅತ್ತೆ. ಯಾರೂ ತಟ್ಲಿಲ್ಲ.”

ಅವಳು ಸುಳ್ಳು ಹೇಳಿದ್ದರೆ ಎಷ್ಟೋ ವಾಸಿಯಿತ್ತು, ಬೈದು ಹಗುರಾಗುತ್ತಿದ್ದೆ. ಆದರೆ ಅವಳ ಮುಖ ನನಗೆ ಗೊತ್ತು, ಅದು ಸುಳ್ಳಲ್ಲ. ನನ್ನ ಬೆರಳ ಗೆಣ್ಣುಗಳು ಆಗಲೂ ಬಾತುಕೊಂಡಿದ್ದವು. ಅದಕ್ಕೂ ಇದಕ್ಕೂ ಹೇಗೆ ಹೊಂದಿಸುವುದೋ ನನಗೆ ಇಂದಿಗೂ ತಿಳಿದಿಲ್ಲ. ಹುಟ್ಟಿದ ನೆಲದಲ್ಲಿ ಕೈ ಬಾತುಕೊಳ್ಳುವಷ್ಟು ಬಾಗಿಲು ಬಡಿದೆ, ಕೇಳಿಸಿದ್ದು ಮರಿಯಮ್‌ಗೆ.