ಈಜಿನ ಅಕ್ಕೋರು

ಈಜು ಕಲಿಸುವ ಅಕ್ಕೋರ ಕೊರಳಲ್ಲಿ ಬೆಳ್ಳಿಯ ಲಿಂಗದಕಾಯಿ, ಅದಕ್ಕೆ ತಾಗುವಂತೆ ಒಂದು ಕೆಂಪು ಸೀಟಿ. ನಡೆದರೆ ಎರಡೂ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿದ್ದವು. ಆ ಸದ್ದು ಕೇಳಿದ್ದೇ ತಡ, ಈಜುಕೊಳದ ದಂಡೆಯಲ್ಲಿ ಹರಟುತ್ತಿದ್ದ ಹೆಂಗಸರೆಲ್ಲ ನೀರಿಗಿಳಿಯುತ್ತಿದ್ದರು.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡ ಮೇಲೆ ಗೋಪನಕೊಪ್ಪದ ಮನೆಯಲ್ಲಿ ನಾನು ಕೂತಲ್ಲೇ ಕೂತಿರುತ್ತಿದ್ದೆ. ಮೊಣಕಾಲು ಹಿಡಿದುಕೊಂಡವು. ಡಾಕ್ಟರು ಈಜಲು ಹೇಳಿದರು. ನನ್ನ ತವರು ಉಪ್ಪಿನಬೆಟಗೇರಿಯಲ್ಲಿ ಬಾವಿಗೆ ಹಾರುವುದು ಗಂಡುಹುಡುಗರ ಕೆಲಸ. ನಾವು ಕೊಡ ತುಂಬುವವರು. ಆದರೂ ನೀರಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಈಜುವ ಉಡುಪು. ಕಣಕಾಲಿನವರೆಗೆ ಬರುವಂಥದ್ದನ್ನೇ ಹುಡುಕಿ ತಂದರೂ, ಮೇಲೊಂದು ಟವೆಲ್ ಸುತ್ತಿಕೊಂಡು ಮೆಟ್ಟಿಲ ಬಳಿ ನಿಂತುಬಿಟ್ಟೆ.

“ಅವ್ವಾರ, ಇಲ್ಲೆ ಯಾರೂ ನಿಮ್ಮನ್ನ ಹೆಣ್ಣು ನೋಡಾಕ ಬಂದಿಲ್ರಿ. ಇಳೀರಿ ಲಗೂ,” ಎಂದರು ಅಕ್ಕೋರು. ಹಾಗೆಂದವರೇ ನಾನು ಇಳಿಯುವವರೆಗೆ ಬೆನ್ನು ತಿರುಗಿಸಿ ನಿಂತರು.

ಮುಖ ಮುಳುಗಿಸಿ ಉಸಿರು ಬಿಡುವುದು ಮೊದಲ ಪಾಠ. “ಗಂಡನ ಮ್ಯಾಲಿನ ಸಿಟ್ಟೆಲ್ಲಾ ನೀರಾಗ ಬಿಡ್ರಿ!” ಎಂದು ಕೂಗಿದವರು ನನ್ನ ಬರಿ ಹಣೆ ನೋಡಿ ನಾಲಿಗೆ ಕಚ್ಚಿಕೊಂಡರು. ಮರುಗಳಿಗೆ, “ನಿಮಗ ಅತ್ತೀ ಮ್ಯಾಲಿಂದರ ಉಳದಿರಬೇಕಲ್ರಿ?” ನಾನು ನಕ್ಕು ನೀರು ಕುಡಿದೆ. ಎಷ್ಟೋ ದಿನಗಳ ಮೇಲೆ ನಕ್ಕಿದ್ದೆ.

ಮೊಣಕಾಲು ಸಡಿಲಾದವು, ಈಜೂ ಬಂತು. ಆದರೆ ಈಜು ಬಂದವರ ಮೇಲೆಯೇ ಅಕ್ಕೋರ ಕಣ್ಣು ಹೆಚ್ಚು. “ಒಬ್ಬಾಕಿ ಮುಳಗಿದ್ರ ಹಿಡಿಯಾಕ ಇನ್ನೊಬ್ಬಾಕಿ ಹಾರ್ತಾಳ, ಆಕೀನ್ನ ಹಿಡಿಯಾಕ ಮತ್ತೊಬ್ಬಾಕಿ. ಹಂಗ ಮಾಡಬ್ಯಾಡ್ರಿ. ದಂಡೀ ಮ್ಯಾಲೆ ಕುಂತು ಸೀರಿ ಬಿಚ್ಚಿ ಆಕೀ ಕಡೆ ಒಗೀರಿ,” ಎನ್ನುತ್ತಿದ್ದರು.

ಕೊಳದ ನೀರು ಬದಲಿಸುವ ಮುಂಚಿನ ದಿನ, ಮೇಲಿನವರನ್ನು ಕೇಳಿಕೊಂಡು, ನಮ್ಮನ್ನೆಲ್ಲ ಹಳೆ ಸೀರೆಯಲ್ಲೇ ಇಳಿಸಿದರು. ನೆನೆದ ಸೀರೆ ಕಾಲಿಗೆ ಹೇಗೆ ಸುತ್ತಿಕೊಳ್ಳುತ್ತದೆಂದು ಆಗ ತಿಳಿಯಿತು. ಆಮೇಲೆ ದಂಡೆ ಹತ್ತಿ, ಅದನ್ನು ಬಿಚ್ಚಿ ನೀರಲ್ಲಿದ್ದ ಗೆಳತಿಗೆ ಎಸೆಯಬೇಕಿತ್ತು. ಎಲ್ಲರೂ ಕಿಸಕ್ಕೆಂದು ನಗುತ್ತ ಎಸೆದರು. ನಾನು ಮಾತ್ರ ನಿರಿಗೆ ಹಿಡಿದು ನಿಂತೆ.

“ಜೀವಾ ದೊಡ್ಡದೋ, ಸೀರಿ ದೊಡ್ಡದೋ?” ಎಂದು ಗದರಿದರು. ನನ್ನ ಕಣ್ಣು ತುಂಬಿದ್ದು ನೋಡಿ ದನಿ ಇಳಿಯಿತು. “ಹೋಗ್ಲಿ ಬಿಡ್ರಿ. ಆದರ ನೆನಪಿರ್ಲಿ.”

ಆ ವರ್ಷದ ಸೀಗಿಹುಣ್ಣಿಮೆಗೆ ಭೂತಾಯಿಗೆ ಎಡೆಯ ಚರಗ ಚೆಲ್ಲಲು ಸುಳ್ಳ ಊರಿನ ನಮ್ಮ ಹೊಲಕ್ಕೆ ಹೋಗಿದ್ದೆವು. ನೀವಿನ್ನೂ ಸಣ್ಣವರು. ಉಂಡ ಮೇಲೆ ನಿಮ್ಮ ಅವ್ವ ಬುಟ್ಟಿ ತೊಳೆಯಲು ಕೃಷಿಹೊಂಡಕ್ಕೆ ಹೋದಳು. ದಂಡೆಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ. ಕಾಲು ಜಾರಿ ನೀರಿಗೆ ಬಿದ್ದಳು. ಮೇಲೆ ಬರಲು ಹೋದಷ್ಟೂ ಹಾಳೆ ಜಾರಿಸುತ್ತಿತ್ತು.

ನನ್ನ ಮೈದುನ ಚಪ್ಪಲಿ ಕಳಚಿದ. “ಬಿಡ್ರಿ ವೈನಿ, ನಾ ಹಾರ್ತೇನಿ!”

“ಈಸು ಬರ್ತೈತೇನು?”

“ಎಲ್ಲಿ ಬರ್ತೈತ್ರಿ!”

ಅವನ ಅಂಗಿ ಹಿಡಿದು ಹಿಂದಕ್ಕೆಳೆದೆ. ನನಗೆ ಈಜು ಬರುತ್ತಿತ್ತು. ಆದರೆ ಆ ಹಾಳೆಯ ಮೇಲೆ ಇಳಿದರೆ ನಾನೂ ಹತ್ತಲಾರೆ. ಗಂಡನ ಮನೆಯವರ ಮುಂದೆ ತಲೆಯ ಸೆರಗು ಜಾರಗೊಡದವಳು ನಾನು. ಅವರೆಲ್ಲರೂ ಅಲ್ಲೇ ನಿಂತಿದ್ದರು. ಕೈ ಒಂದು ಗಳಿಗೆ ನಿರಿಗೆಯ ಮೇಲೆ ನಿಂತಿತು. ಆಮೇಲೆ ಎಳೆದು ಬಿಚ್ಚಿದೆ. ನೆಲಕ್ಕೆ ಕೂತು, ಒಂದು ತುದಿ ಕೈಗೆ ಸುತ್ತಿಕೊಂಡು, ಉಳಿದದ್ದನ್ನು ನೀರಿಗೆ ಎಸೆದೆ. “ಹಿಡಕೋ ನನ್ನವ್ವಾ!” ಮೈದುನ ನನ್ನ ಹಿಂದೆ ಕೂತು ಜಗ್ಗಿದ. ನಿಮ್ಮ ಅವ್ವ ಮೇಲೆ ಬಂದಳು.

ಈ ಸುದ್ದಿ ಹೇಳಿದಾಗ ಅಕ್ಕೋರು ಶಭಾಶ್ ಎನ್ನಲಿಲ್ಲ. ನನ್ನ ಕೈ ಹಿಡಿದುಕೊಂಡು, “ಆಮ್ಯಾಲೆ ನಿಮಗ ಹೊದಿಯಾಕ ಯಾರರ ಏನರ ಕೊಟ್ರೋ ಇಲ್ರಿ?” ಎಂದು ಕೇಳಿದರು. ಮೈದುನ ಮುಖ ತಿರುಗಿಸಿ ತನ್ನ ಟವೆಲ್ ಚಾಚಿದ್ದನ್ನು ಹೇಳಿದೆ. “ಛಲೋ ಮನಷ್ಯಾ,” ಎಂದರು.

ಹೋದ ವರ್ಷ ಅಕ್ಕೋರು ನಿದ್ದೆಯಲ್ಲೇ ತೀರಿಕೊಂಡರು. ಮಣ್ಣು ಮಾಡುವಾಗ ಕೊಳದ ಹೆಂಗಸರೆಲ್ಲ ಹೋಗಿದ್ದೆವು. ಅವರ ಕೊರಳಲ್ಲಿ ಸೀಟಿ ಇರಲಿಲ್ಲ.

ಮೊನ್ನೆ ಪಾತ್ರೆ ಮಾರುವವಳು ಬಂದಾಗ, ಸ್ಟೀಲಿನ ಡಬ್ಬಿಗೆ ಕೊಡಲೆಂದು ನಿಮ್ಮ ಅವ್ವ ಹಳೆ ಸೀರೆಗಳನ್ನು ಟ್ರಂಕಿನಿಂದ ತೆಗೆದಳು. ಅಂಚಿಗೆ ಪಾಚಿಯ ಕಲೆಯಿರುವ ಸೀರೆ ಕೈಗೆ ಬಂತು. ಅದನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟು, ಮೇಲೆ ತನ್ನ ಮದುವೆಯ ಸೀರೆ ಇಟ್ಟಳು.